ಟ್ರಾನ್ಸ್‌ಮಿಟರ್ ಹತ್ರ ಹ್ವಾದ್ರ ನಾಕೂ ದಿಕ್ಕಿಗೆ ಫುಲ್ ಸಿಗ್ನಲ್, ಯಾಗಿ ದಿಕ್ಕ ತೋರಸವಲ್ದು

ಉಣಕಲ್_ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸನ್ಸ್ ಬಂದು ಆರು ತಿಂಗಳಾತು. ಅಮೆರಿಕದ ಸಿವಿಲ್ ಏರ್ ಪ್ಯಾಟ್ರೋಲ್, ಕೆನಡಾದ ಕಸಾರಾ ಅನ್ನೋ ಸ್ವಯಂಸೇವಕ ಮಂದಿ ಬಿದ್ದ ವಿಮಾನದ ಬೀಕನ್ (ತುರ್ತು ಸಿಗ್ನಲ್ ಕಳಸೋ ಡಬ್ಬಿ) ಹುಡುಕೋದನ್ನ ಓದಿ ತಲ್ಯಾಗ ಹುಳ ಹೊಕ್ಕೈತಿ. ಕಲಿಯೋಣಂತ ಸ್ಟೀಲ್ ಟೇಪ್, ಪಿವಿಸಿ ಪೈಪ್ ತಂದು ಮೂರು ಎಲಿಮೆಂಟಿನ (ಅಡ್ಡ ಪಟ್ಟಿಯ) ಯಾಗಿ, ಅಂದ್ರ ದಿಕ್ಕ ತೋರಸೋ ಆಂಟೆನಾ ಮಾಡೀನಿ.

ಐತ್ವಾರ ಗೆಳ್ಯಾರು ನೃಪತುಂಗ ಬೆಟ್ಟದಾಗ 145.2 ಮೆಗಾಹರ್ಟ್ಸ್‌ನಾಗ ಪೀಂ ಪೀಂ ಅನ್ನೋ ಸಣ್ಣ ಟ್ರಾನ್ಸ್‌ಮಿಟರ್ ಬಚ್ಚಿಟ್ಟಿದ್ರು. ಎರಡು ತಾಸು ತಿರುಗಿದೆ, ಸಿಗಲಿಲ್ಲ. ಹತ್ರ ಬಂದೀನಿ ಅನ್ನೋದು ಗೊತ್ತಾಗ್ತೈತಿ, ಆದ್ರ ಯಾಗಿ ಯಾವ ಕಡೆ ತಿರುವಿದ್ರೂ ಹ್ಯಾಂಡ್‌ಸೆಟ್ಟಿನ ಎಲ್ಲಾ ಕಡ್ಡಿ ತುಂಬಿರ್ತಾವ. ಎಲ್ಲಿ ತಪ್ಪೇನಿ?

ಹಾವೇರಿ_ಏಲಕ್ಕಿ:
ಬೀಕನ್ ಹುಡುಕೋದು ಕಲೀಬೇಕಂದ್ರ 121.5 ಮೆಗಾಹರ್ಟ್ಸ್‌ನಾಗ ಮಾಡಬೇಕಲ್ಲ? 145 ಯಾಕ?

ಸಾಧನಕೇರಿ_ಕಾಕಾ:
ಏಲಕ್ಕಿಯವರ, ಅದನ್ನ ಮಾತ್ರ ಮಾಡಬ್ಯಾಡ್ರಿ. 121.5 ಅಂತರರಾಷ್ಟ್ರೀಯ ತುರ್ತು ಫ್ರೀಕ್ವೆನ್ಸಿ. ಮ್ಯಾಲೆ ಹೋಗೋ ವಿಮಾನಗಳು ಎರಡನೇ ರೇಡಿಯೋದಾಗ ಅದನ್ನ ಕೇಳ್ತಿರ್ತಾವ. ನಿಮ್ಮ ಆಟದ ಪೀಂ ಪೀಂ ಕೇಳಿ ಯಾರರ ನಿಜಾ ಅಂತ ಹೊರಟ್ರ? ಅಮೆರಿಕದಾಗೂ ಸ್ವಯಂಸೇವಕರು ತರಬೇತಿ ಬೀಕನ್ನನ್ನ 121.775ರಾಗ ಹಚ್ಚತಾರ, 121.5ರಾಗ ಅಲ್ಲ. ನಮಗ ಹ್ಯಾಮ್ ಬ್ಯಾಂಡ್ 144ರಿಂದ 146 ಐತಿ, ಅದರಾಗ ಬೇಕಾದಷ್ಟು ಆಡ್ರಿ.

ತಮ್ಮಾ ಉಣಕಲ್, ಒಂದು ಪ್ರಶ್ನೆ. ದೂರ ಇದ್ದಾಗ ದಿಕ್ಕು ಸರಿ ತೋರಸ್ತಿತ್ತೇನು? ಟೇಪ್ ಎಷ್ಟೆಷ್ಟು ಉದ್ದ ಕತ್ತರಿಸಿ?

ಉಣಕಲ್_ಹುಡುಗ:
ಕಾಕಾ, ದೂರಿದ್ದಾಗೂ ಗೊಂದಲನ. ಒಮ್ಮೆ ಕೆರಿ ಕಡೆ ತೋರಸ್ತು, ಒಮ್ಮೆ ಪೂರ್ತಿ ಉಲ್ಟಾ. ಹಿಂದಿನ ಟೇಪ್ 127 ಸೆಂಟಿಮೀಟರ್, ನಡುವಿಂದು 54ರ ಎರಡು ತುಂಡು, ಮುಂದಿಂದು 107.

ಸಾಧನಕೇರಿ_ಕಾಕಾ:
ಸಿಕ್ತು ನೋಡು. ನೀ ಕತ್ತರಿಸಿದ್ದು 121.5ರ ಅಳತಿ, ಕೇಳಾಕತ್ತಿದ್ದು 145.2. ಸುಮಾರು ಶೇಕಡಾ 20 ಉದ್ದ ಆಗೈತಿ. ಯಾಗಿಯೊಳಗ ಮುಂದಿನ ಟೇಪ್ ಅರ್ಧ ತರಂಗಕ್ಕಿಂತ ಗಿಡ್ಡ ಇದ್ರನ ಡೈರೆಕ್ಟರ್, ಅಂದ್ರ ಮುಂದಿನ ಸಿಗ್ನಲ್ ಒಳಗ ಕಳಸೋದು. 145.2ಕ್ಕ ಅರ್ಧ ತರಂಗ 103 ಸೆಂಟಿಮೀಟರ್, ನಿಂದು 107. ಅಂದಮ್ಯಾಲೆ ಅದೂ ರಿಫ್ಲೆಕ್ಟರ್ ಆಗಿ ಕುಂತೈತಿ. ಮುಂದೂ ಕನ್ನಡಿ, ಹಿಂದೂ ಕನ್ನಡಿ, ಉಲ್ಟಾ ತೋರಸದ ಏನು ಮಾಡೀತು?

ಹಿಂದಿಂದು 105, ನಡುವಿಂದು 45ರ ಎರಡು, ಮುಂದಿಂದು 89 ಮಾಡು. ಹಿಂದಕ್ಕೂ ನಡುವಿಗೂ 20 ಸೆಂಟಿಮೀಟರ್ ಅಂತರ, ನಡುವಿಂದ ಮುಂದಕ್ಕ 32. ಈಗಿರೋ ಟೇಪನ್ನ ಗಿಡ್ಡ ಕತ್ತರಿಸಿದ್ರ ಸಾಕು, ಹೊಸಾದು ಬ್ಯಾಡ. ಕತ್ತರಿಸಿದ ತುದಿಗೆ ಅಂಟು ಟೇಪ್ ಸುತ್ತು, ನನ್ನ ಅಂಗೈಯ ಗಾಯದ ಗುರ್ತು ಇನ್ನೂ ಹೋಗಿಲ್ಲ.

ಕಪ್ಪತಗುಡ್ಡ_ಗಾಳಿ:
ಕಾಕಾ ಹೇಳಿದ್ದು ಅರ್ಧಾ ಕಾಯಿಲಿಗೆ ಮದ್ದು. ಯಾಗಿ ಸರಿ ಆದ್ರೂ ಹತ್ರ ಹೋದಾಗ ಕಡ್ಡಿ ತುಂಬೋದು ನಿಲ್ಲಂಗಿಲ್ಲ. ಆಗ ಸಿಗ್ನಲ್ ಆಂಟೆನಾದಾಗಿಂದ ಅಷ್ಟ ಅಲ್ಲ, ಸೆಟ್ಟಿನ ಪ್ಲಾಸ್ಟಿಕ್ ಮೈಯಾಗಿಂದನ ಒಳಗ ನುಗ್ಗತೈತಿ. ಮ್ಯಾಲೆ ನಿನ್ನ ಸೆಟ್ಟು ಎಫ್‌ಎಂ. ಸಿಗ್ನಲ್ ಹತ್ತು ಪಟ್ಟು ಹೆಚ್ಚಾದ್ರೂ ಎಫ್‌ಎಂನಾಗ ದನಿ ಅಷ್ಟ ಇರ್ತೈತಿ, ಕಿವಿಗೆ ಏನೂ ಗೊತ್ತಾಗಂಗಿಲ್ಲ. ನಿಜವಾದ 121.5ರ ಬೀಕನ್ ಎಎಂ. ಸೈರನ್ನಿನಂಗ ಮ್ಯಾಲಿಂದ ಕೆಳಗ ಜಾರೋ ದನಿ.

ಇದಕ್ಕ ನಮ್ಮ ಕಡೆ ಒಂದು ಹಳ್ಳಿ ಉಪಾಯ ಐತಿ. ಉದ್ದಂದು ಲೋಹದ ಹಾಲಿನ ಕ್ಯಾನ್ ತಗೋ. ಸೆಟ್ಟಿಗೆ ಅದರ ಗಿಡ್ಡ ಆಂಟೆನಾ ಹಾಕಿ, ದಾರ ಕಟ್ಟಿ ಒಳಗ ಇಳಿಬಿಡು. ಇಳಿದಷ್ಟೂ ಸಿಗ್ನಲ್ ಕಮ್ಮಿ. ಒಂದ ಕಡ್ಡಿ ಉಳಿಯೋತನಕ ಇಳಿಸು, ಹತ್ತು ಹೆಜ್ಜಿ ನಡಿ, ಮತ್ತ ನೋಡು. ಗುಡ್ಡ ಅಡ್ಡಾಡೋ ಮುದುಕರು ಹಾಲು ಐತೇನ್ರಿ ಅಂತ ಕೇಳ್ತಾರ, ಉತ್ತರ ತಯಾರಿಟ್ಕೋ.

ಕ್ಯಾನ್ ಇಲ್ಲಂದ್ರ ಮೂರನೇ ಹಾರ್ಮೋನಿಕ್ ಹಿಡಿ, ಅಂದ್ರ ಅದೇ ಟ್ರಾನ್ಸ್‌ಮಿಟರ್ ಮೂರು ಪಟ್ಟು ಫ್ರೀಕ್ವೆನ್ಸಿಯಾಗ ಸೋರಸೋ ಸಿಗ್ನಲ್. 145.2ನ್ನ ಮೂರರಿಂದ ಗುಣಿಸಿದ್ರ 435.6, ನಿನ್ನ ಎರಡು ಬ್ಯಾಂಡಿನ ಸೆಟ್ಟಿನಾಗ ಕೇಳತೈತಿ. ಭಾಳ ಸಣ್ಣ ಸಿಗ್ನಲ್, ಹತ್ರ ಹೋದಾಗ ಮಾತ್ರ ಸಿಗೋದು. ಬೇಕಾಗಿದ್ದೂ ಅದ.

ಹಾವೇರಿ_ಏಲಕ್ಕಿ:
ಈಗ ಹೊಸಾ ಬೀಕನ್ 406 ಮೆಗಾಹರ್ಟ್ಸ್ ಆಗೇತಲ್ರಿ, ಉಪಗ್ರಹನ ಜಾಗ ಹೇಳ್ತೈತಿ. ಕೈಯಾಗ ಯಾಗಿ ಹಿಡ್ಕೊಂಡು ತಿರುಗೋದು ಯಾತಕ್ಕ?

ಸಾಧನಕೇರಿ_ಕಾಕಾ:
ಖರೆ, 2009ರ ಫೆಬ್ರವರಿ 1ರಿಂದ ಕಾಸ್ಪಾಸ್-ಸಾರ್ಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳು 121.5ನ್ನ ಕೇಳೋದು ಬಿಟ್ಟಾವ. 406ರ ಬೀಕನ್ 50 ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡು ಡಿಜಿಟಲ್ ಸಂದೇಶ ಕಳಸತೈತಿ. ನಮ್ಮ ದೇಶದಾಗ ಅದು ಬೆಂಗಳೂರಿನ ಇಸ್ರೋ ಕೇಂದ್ರಕ್ಕ ಮುಟ್ಟತೈತಿ. ಆದ್ರ ಬೀಕನ್ನಿನಾಗ ಜಿಪಿಎಸ್ ಇರಲಿಲ್ಲಂದ್ರ ಕೆಲವು ಕಿಲೋಮೀಟರ್ ಆಚೀಚೆ ಆಗಬಹುದು. ದಾಂಡೇಲಿ ಕಡಿ ಕಾಡಿನಾಗ ಅಷ್ಟು ದೂರ ಅಂದ್ರ ಒಂದು ದಿನಾ. ಅದಕ್ಕ ಅದೇ ಡಬ್ಬಿ 121.5ರಾಗೂ ಸಣ್ಣಗ ಕೂಗತಿರತೈತಿ, ಕೊನೀ ಹಾದಿ ನಡೆಯೋರಿಗಾಗಿ. ಅಂಥಾ ಸೈರನ್ ಖರೇನ ಕೇಳಿಸ್ತಂದ್ರ ಹುಡುಕಾಕ ಓಡಬ್ಯಾಡ್ರಿ. ಹೊತ್ತು, ನಿಂತ ಜಾಗ ಬರ್ಕೊಂಡು ಮೊದಲು ವಿಮಾನ ನಿಲ್ದಾಣಕ್ಕ ಫೋನ್ ಮಾಡ್ರಿ.

ಉಣಕಲ್_ಹುಡುಗ:
ಇವತ್ತು ಮತ್ತ ಹೋಗಿದ್ದೆ. ಕತ್ತರಿಸಿದ ಯಾಗಿ ಕೆಳಗಿನ ಗೇಟಿನಿಂದನ ಒಂದ ದಿಕ್ಕ ಹಿಡೀತು. ಮ್ಯಾಲೆ ತಂತಿ ಬೇಲಿ ಹತ್ರ ಸ್ವಲ್ಪ ಮೋಸಾ ಮಾಡ್ತು, ಬೇಲೀನ ಸಿಗ್ನಲ್ ಕೊಡ್ತಿತ್ತು. ಅಲ್ಲಿಂದ ಅವ್ವನ ಹಾಲಿನ ಕ್ಯಾನ್. ಇಪ್ಪತ್ತು ನಿಮಿಷಕ್ಕ ಸಿಕ್ತು, ಹ್ವಾದ ವಾರ ನಾ ಕುಂತು ಗಿರ್ಮಿಟ್ ತಿಂದಿದ್ದ ಕಲ್ಲಿನ ಹಿಂದ. ಕ್ಯಾನ್ ವಾಪಸ್ ತೊಳದಿಟ್ಟೀನಿ, ಅವ್ವಗ ಯಾರೂ ಹೇಳಬ್ಯಾಡ್ರಿ.