ಅಪ್‌ಡೇಟ್: ಗ್ರಾಸ್ ಜಿಐಎಸ್‌ನಲ್ಲಿ ರೀಜನ್ ತಾನಾಗೇ ಬದಲಾಗುತ್ತಿದ್ದದ್ದು ಸರಿಹೋಯಿತು

ಗ್ರಾಸ್ ಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಶರಾವತಿ ಕಣಿವೆಯ ಇಳಿಜಾರು ನಕ್ಷೆಗೆ 30 ಮೀಟರ್ ರೆಸಲ್ಯೂಷನ್ ಇಟ್ಟರೂ ಒಮ್ಮೊಮ್ಮೆ 90 ಮೀಟರ್‌ನಲ್ಲಿ ಬರುತ್ತಿದೆ, ಯಾಕೆ ಅಂತ ಹೋದ ವಾರ ಕೇಳಿದ್ದೆ. ಕಾರಣ ಸಿಕ್ಕಿತು.

ಒಂದೇ ಸೆಷನ್‌ನಲ್ಲಿ ಎರಡು ಸ್ಕ್ರಿಪ್ಟ್ ಒಟ್ಟಿಗೆ ಓಡಿಸುತ್ತಿದ್ದೆ. ಸೆಷನ್‌ನ ಸೆಟ್ಟಿಂಗ್ ತೋರಿಸುವ ಜಿ.ಜಿಸ್‌ಎನ್ವ್ ಕಮಾಂಡ್ ಕೊಟ್ಟು ನೋಡಿದೆ. ಡೇಟಾಬೇಸ್, ಲೊಕೇಶನ್, ಮ್ಯಾಪ್‌ಸೆಟ್ (ಕೆಲಸದ ನಕ್ಷೆಗಳಿರುವ ಫೋಲ್ಡರ್) ಎಲ್ಲ ಸರಿಯಾಗಿಯೇ ಇದ್ದವು. ಆದರೆ ರೀಜನ್, ಅಂದರೆ ಲೆಕ್ಕ ನಡೆಯುವ ಪ್ರದೇಶದ ಗಡಿ ಮತ್ತು ರೆಸಲ್ಯೂಷನ್, ಅಲ್ಲಿ ಇರುವುದೇ ಇಲ್ಲ! ಅದು ಮ್ಯಾಪ್‌ಸೆಟ್‌ನೊಳಗಿನ ವಿಂಡ್ ಎಂಬ ಫೈಲಿನಲ್ಲಿರುತ್ತದೆ. ಒಂದು ಸ್ಕ್ರಿಪ್ಟ್ ಜಿ.ರೀಜನ್ ಕಮಾಂಡ್ ಮೂಲಕ ಅದನ್ನು ಬದಲಿಸಿದರೆ ಇನ್ನೊಂದಕ್ಕೂ ಅದೇ ಅನ್ವಯವಾಗುತ್ತದೆ. ಎರಡು ದಿನ ಸುಮ್ನೆ ಎತ್ತರದ ಡೇಟಾವನ್ನೇ ಅನುಮಾನಿಸಿದ್ದೆ.

ಈಗ ಪ್ರತಿ ಸ್ಕ್ರಿಪ್ಟ್‌ಗೂ ಜಿ.ರೀಜನ್‌ನ ಸೇವ್ ಆಯ್ಕೆಯಿಂದ ಬೇರೆ ಹೆಸರಿನ ರೀಜನ್ ಉಳಿಸಿದ್ದೇನೆ. ಜೊತೆಗೆ ಮೈನಸ್ ಯು ಕೊಟ್ಟರೆ ಚಾಲ್ತಿಯಲ್ಲಿರುವ ರೀಜನ್ ಬದಲಾಗುವುದಿಲ್ಲ. ಆಮೇಲೆ ಆ ಹೆಸರನ್ನು ವಿಂಡ್_ಓವರ್‌ರೈಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಕೊಟ್ಟೆ. ಅದು ಆ ಸ್ಕ್ರಿಪ್ಟ್‌ಗೆ ಮಾತ್ರ ಸೀಮಿತ.

ಇನ್ನೊಂದು ವಿಷಯ. ಮ್ಯಾಪ್‌ಸೆಟ್ ಬದಲಿಸಲು ಜಿ.ಜಿಸ್‌ಎನ್ವ್ ಬಳಸಬೇಡಿ, ಜಿ.ಮ್ಯಾಪ್‌ಸೆಟ್ ಬಳಸಿ. ಅದು ಲಾಕ್, ಅಂದರೆ ಆ ಮ್ಯಾಪ್‌ಸೆಟ್ ಬೇರೆ ಸೆಷನ್‌ನಲ್ಲಿ ಬಳಕೆಯಲ್ಲಿದೆಯೇ ಎಂಬ ಗುರುತು, ನೋಡಿಕೊಂಡೇ ಬದಲಿಸುತ್ತದೆ.

ನಿನ್ನೆಯಿಂದ ಎಲ್ಲ ನಕ್ಷೆಗಳೂ 30 ಮೀಟರ್‌ನಲ್ಲೇ ಬರುತ್ತಿವೆ. ರೀಜನ್ ಕಡೆ ಗಮನ ಸೆಳೆದವರಿಗೆ ತುಂಬಾ ಥ್ಯಾಂಕ್ಸ್.