ಏರ್ ರೈಫಲ್‌ಗೆ ಮನೇಲೇ ಮರದ ಸ್ಟಾಕ್ ಮಾಡಿದೆ, ಸ್ಕ್ರೂ ನಿಲ್ತಿಲ್ಲ

ಮೂಡಿಗೆರೆ ತೋಟದವ: ನಮ್ಮನೇದು .177 (ಬ್ಯಾರಲ್ ತೂತಿನ ಅಳತೆ, ಇಂಚಲ್ಲಿ) ಸ್ಪ್ರಿಂಗ್ ಏರ್ ರೈಫಲ್, ಬ್ಯಾರಲ್ ಬಗ್ಗಿಸಿ ಲೋಡ್ ಮಾಡೋದು. ಪ್ಲಾಸ್ಟಿಕ್ ಸ್ಟಾಕ್ (ಗನ್ ಕೂರೋ ಹಿಡಿ ಭಾಗ) ಸೀಳಿ ಹೋಯ್ತು ಅಂತ ತಾತನ ಕಾಲದ ಮಂಚದ ತೇಗದ ಹಲಗೆಲಿ ನಾನೇ ಹೊಸದು ಕೆತ್ತಿದೆ, ಒಂದು ತಿಂಗಳು ಹಿಡೀತು. ಈಗ ಮುಂದಿನ ಎರಡು ಸೈಡ್ ಸ್ಕ್ರೂ ಮೂವತ್ತು ನಲವತ್ತು ಪೆಲೆಟ್ ಹೊಡೆಯೋಷ್ಟ್ರಲ್ಲಿ ಸಡಿಲ ಆಗ್ತವೆ, ಬಿಗಿ ಮಾಡ್ತೀನಿ, ಮತ್ತೆ ಸಡಿಲ. ಅಂಗಳದ ಕೊನೇಲಿ ಮಣ್ಣಿನ ದಿಬ್ಬದ ಮುಂದೆ ಪೇಪರ್ ಟಾರ್ಗೆಟ್ಟಿಗೆ ಹೊಡೆಯೋದಷ್ಟೆ, ಆದ್ರೆ ಒಂದ್ ಗುಂಪೂ ಒಂದೇ ಕಡೆ ಬೀಳ್ತಿಲ್ಲ. ಅರಾಲ್ಡೈಟ್ ಸುರಿದು ಶಾಶ್ವತವಾಗಿ ಕೂರಿಸಿಬಿಡ್ಲಾ?

ಹಾಸನ ಲೇತ್: ದಯವಿಟ್ಟು ಬೇಡ. ಸ್ಪ್ರಿಂಗ್, ಸೀಲು ಸವೆದಾಗ ಸ್ಟಾಕ್ ಬಿಚ್ಚಲೇಬೇಕು, ಅವತ್ತು ಒಂದು ತಿಂಗಳ ಕೆಲಸ ಒಡೆದು ತೆಗೀತೀರ.

ಬಾಳೆಹೊನ್ನೂರು: ಕೆಂಪು ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದಂಗೆ ಥ್ರೆಡ್ಡಿಗೆ ಹಾಕೋ ಅಂಟು) ಹಾಕಿ ಮುಗೀತು, ನಮ್ಮ ಪವರ್ ಟಿಲ್ಲರಿಗೆ ಅದೇ ಹಾಕಿರೋದು, ಅಲ್ಲಾಡಿಲ್ಲ.

ಹಾಸನ ಲೇತ್: ಕೆಂಪುದು ಬಿಚ್ಚೋಕೆ ಸುಮಾರು 250 ಡಿಗ್ರಿ ಬಿಸಿ ಕೊಡ್ಬೇಕು ಸ್ವಾಮಿ, ಪಕ್ಕದಲ್ಲೇ ತೇಗ ಇದೆ, ಸುಟ್ಟು ಕರಿ ಆಗುತ್ತೆ. ಹಾಕೋದಾದ್ರೆ ನೀಲಿ, ಅದು ಕೈ ಟೂಲಲ್ಲೇ ಬಿಚ್ಚುತ್ತೆ. ಥ್ರೆಡ್ಡಲ್ಲಿರೋ ಎಣ್ಣೆನ ಥಿನ್ನರಲ್ಲಿ ಒರೆಸಿ ಒಂದೇ ಹನಿ ಹಾಕಿ, 24 ಗಂಟೆ ಮುಟ್ಬೇಡಿ. ಗಾಳಿ ಸಿಗದೆ ಲೋಹ ಲೋಹದ ನಡುವೆ ಇದ್ರೆ ಮಾತ್ರ ಅದು ಗಟ್ಟಿ ಆಗೋದು, ಮರದ ತೂತಿಗೆ ಸುರಿದ್ರೆ ಏನೂ ಉಪಯೋಗ ಇಲ್ಲ.

ಬೇಲೂರು ಬಡಗಿ ಮಗ: ಎಲ್ರೂ ಸ್ಕ್ರೂ ತಿರುಗ್ತಿದೆ ಅಂತ್ಲೇ ಮಾತಾಡ್ತಿದೀರ. ನಂಗನ್ಸೋದು ಅದು ತಿರುಗ್ತಾನೇ ಇಲ್ಲ, ಅದರ ತಲೆ ಕೆಳಗಿನ ಮರ ಕುಗ್ತಿದೆ. ಸ್ಪ್ರಿಂಗ್ ಗನ್ನು ಬರೀ ಹಿಂದಕ್ಕೆ ಒದೆಯಲ್ಲ, ಪಿಸ್ಟನ್ ಮುಂದೆ ಹೊರಟಾಗ ಹಿಂದಕ್ಕೆ, ಅದು ಹೋಗಿ ತುದಿಗೆ ತಾಗಿದಾಗ ಮುಂದಕ್ಕೆ, ಎರಡೂ ಕಡೆ ಎಳೆದಾಟ. ಅದರ ಜೊತೆ ನಮ್ಮ ಮಲೆನಾಡ ಮಳೆ, ಆಷಾಢದಲ್ಲಿ ಉಬ್ಬಿದ ಮರ ಮಾಘಕ್ಕೆ ಕುಗ್ಗುತ್ತೆ, ಬಾಗ್ಲು ಚೌಕಟ್ಟಲ್ಲಿ ನೋಡಿಲ್ವಾ. ತೋಟದವ್ರೇ, ಸ್ಕ್ರೂ ತಲೆ ಮೇಲೆ ಸ್ಟಾಕಿಗೂ ಸೇರಿಸಿ ಪೆನ್ಸಿಲಲ್ಲಿ ಒಂದು ಗೀಟು ಎಳೀರಿ. ಸಡಿಲ ಆದ್ಮೇಲೂ ಗೀಟು ನೇರ ಇದ್ರೆ ತಪ್ಪು ಮರದ್ದು.

ಮೂಡಿಗೆರೆ ತೋಟದವ: ಈಗಷ್ಟೆ ಐವತ್ತು ಹೊಡೆದು ನೋಡ್ದೆ. ಸ್ಕ್ರೂ ಸಡಿಲ, ಗೀಟು ನೇರಕ್ಕೇ ಇದೆ! ವಾಷರ್ ಮರದೊಳಗೆ ಇಳಿದು ಬಳೆ ಥರ ಗುಂಡಿ ಬಿದ್ದಿದೆ.

ಬೇಲೂರು ಬಡಗಿ ಮಗ: ಹಂಗಾದ್ರೆ ಪಿಲ್ಲರ್ ಹಾಕಿ. ಹಿತ್ತಾಳೆ ಪೈಪಿನ ತುಂಡು, ಸ್ಕ್ರೂ ಕೂರೋ ಜಾಗದ ಮರದ ದಪ್ಪ ಎಷ್ಟೋ ಸರಿಯಾಗಿ ಅಷ್ಟೇ ಉದ್ದ. ಒಂದು ಕಡೆ ವಾಷರ್, ಇನ್ನೊಂದು ಕಡೆ ಗನ್ನಿನ ಟ್ಯೂಬು, ನಡುವೆ ಪೂರ್ತಿ ಲೋಹ, ಬಿಗಿತ ಮರದ ಮೇಲೆ ಬೀಳೋದೇ ಇಲ್ಲ. ಪಿಲ್ಲರನ್ನ ಮರಕ್ಕೆ ಅಂಟಿಸೋಕೆ ನಿಮ್ಮ ಅರಾಲ್ಡೈಟೇ ಬೇಕು, ಐದು ನಿಮಿಷದ್ದಲ್ಲ, ರಾತ್ರಿಯಿಡೀ ಬಿಡೋದು. ತೇಗದಲ್ಲಿ ಎಣ್ಣೆ ಜಾಸ್ತಿ, ತೂತಿನ ಒಳಗೆ ಸ್ಯಾಂಡ್‌ಪೇಪರ್ ಉಜ್ಜಿ ಅಸಿಟೋನಲ್ಲಿ ಒರೆಸದಿದ್ರೆ ಹಿಡಿಯಲ್ಲ. ಗನ್ನಿನ ಟ್ಯೂಬಿಗೆ ಮೊದ್ಲೇ ಮೇಣ ಸವರಿ, ಅಂಟು ಹರಿದು ಬಂದ್ರೂ ಅಲ್ಲಿ ಕಚ್ಚಲ್ಲ.

ಬಾಳೆಹೊನ್ನೂರು: ಸರಿ, ಕೆಂಪು ಬೇಡ, ಒಪ್ದೆ. ಆದ್ರೆ ಸ್ಪ್ರಿಂಗ್ ವಾಷರ್ ಹಾಕಿದ್ರೆ ಸಾಲಲ್ವಾ, ಪೈಪ್ ಎಲ್ಲ ಯಾಕೆ?

ಹಾಸನ ಲೇತ್: ಮರದ ಮೇಲೆ ಸ್ಪ್ರಿಂಗ್ ವಾಷರ್ ಕೂರಿಸಿದ್ರೆ ಅದರ ಚೂಪು ತುದಿ ಇನ್ನೂ ಬೇಗ ಕೊರೆಯುತ್ತೆ. ಬಡಗಿ ಮಗ ಹೇಳಿದ್ದೇ ಸರಿ, ನಾನು ಥ್ರೆಡ್ ಮಾತ್ರ ನೋಡ್ತಿದ್ದೆ. ಪಿಲ್ಲರ್ ಜೊತೆ ಒಂದು ಹನಿ ನೀಲಿ ಇರ್ಲಿ.

ಆಲೂರು: ನಮ್ಮ ತೋಟದ ಲೈಸೆನ್ಸ್ ಗನ್ನಿನ ಹಿಡಿನೂ ಅಲ್ಲಾಡ್ತಿದೆ, ಅದಕ್ಕೂ ಹಿಂಗೇ ಮಾಡ್ಲಾ?

ಹಾಸನ ಲೇತ್: ಅದನ್ನ ಮನೇಲಿ ಮುಟ್ಬೇಡಿ, ಲೈಸೆನ್ಸ್ ಇರೋ ರಿಪೇರಿ ಅಂಗಡಿಗೇ ಕೊಡಿ. ಇಲ್ಲಿ ಹೇಳಿದ್ದೆಲ್ಲ .177 ಒಳಗಿನ, ಪೆಲೆಟ್ ಹೊರಡೋ ಶಕ್ತಿ 20 ಜೌಲ್ ದಾಟದ ಏರ್ ಗನ್ನಿನ ಮರದ ಕೆಲಸ ಮಾತ್ರ. ಗುಂಡಿನ ಗನ್ನಿನ ಒದೆತ ಬೇರೆ, ಕಾನೂನೂ ಬೇರೆ.

ಮೂಡಿಗೆರೆ ತೋಟದವ: ನಾಳೆ ಹಾಸನಕ್ಕೆ ಹೋಗೋದಿದೆ, ಪೈಪ್ ತರ್ತೀನಿ. ಮರದ ದಪ್ಪ ಅಳೆದೆ, ಎಡಕ್ಕೆ 11 ಮಿ.ಮೀ., ಬಲಕ್ಕೆ 12, ನಾನು ಕೆತ್ತಿದ್ದು ಸಮ ಇಲ್ಲ. ಎರಡೂ ಪಿಲ್ಲರ್ ಬೇರೆ ಬೇರೆ ಉದ್ದಕ್ಕೆ ಕತ್ತರಿಸ್ಬೇಕಲ್ವಾ?

ಬೇಲೂರು ಬಡಗಿ ಮಗ: ಹೌದು, ಒಂದೊಂದನ್ನೂ ಅದರ ಜಾಗಕ್ಕೇ ಇಟ್ಟು ಅರ ಹಾಕಿ ಸರಿ ಮಾಡಿ.