ಸಹಾಯ ಬೇಕು: 1972ರ ಎಂಜಿಬಿ ರೋಡ್‌ಸ್ಟರ್, ಸಿಲ್ ಒಳಗೆ ನೋಡೋದು ಹೇಗೆ?

ನಾನಿರುವುದು ಇಂಗ್ಲೆಂಡಿನಲ್ಲಿ. ಕೊಳ್ಳಲು ನೋಡಿದ 1972ರ ಎಂಜಿಬಿ ರೋಡ್‌ಸ್ಟರ್ (ಮೇಲ್ಛಾವಣಿ ತೆರೆಯುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಒಂದು ತುಂಬಾ ಇಷ್ಟವಾಗಿದೆ. ಎಂಜಿನ್ ಚಿಂತೆ ಇಲ್ಲ. ಬಿಸಿಯಾದ ಮೇಲೂ ಆಯಿಲ್ ಪ್ರೆಶರ್ ಚೆನ್ನಾಗಿದೆ, ಓವರ್‌ಡ್ರೈವ್ (ವೇಗವಾಗಿ ಹೋಗುವಾಗ ಎಂಜಿನ್ ನಿಧಾನವಾಗಿ ತಿರುಗಲು ಇರುವ ಹೆಚ್ಚುವರಿ ಗೇರ್) ಸರಿಯಾಗಿ ಕೆಲಸ ಮಾಡುತ್ತದೆ. ಬಿಡಿಭಾಗಗಳೂ ಸಲೀಸಾಗಿ ಸಿಗುತ್ತವೆ.

ಭಯ ಇರುವುದು ತುಕ್ಕಿನದು. ಈ ಕಾರಿಗೆ ಬೇರೆ ಚಾಸಿ (ಭಾರ ಹೊರುವ ಚೌಕಟ್ಟು) ಇಲ್ಲ, ಬಾಗಿಲ ಕೆಳಗೆ ಉದ್ದಕ್ಕೂ ಇರುವ, ತಗಡಿನ ಪದರಗಳ ಸಿಲ್‌ಗಳೇ ಬೆನ್ನುಮೂಳೆ. ಹೊರಗಿನ ಸಿಲ್ ಹೊಸದು, ಬಣ್ಣ ಫಳಫಳ. ಅಯಸ್ಕಾಂತ ಇಟ್ಟು ನೋಡಿದೆ, ಗಟ್ಟಿಯಾಗಿ ಅಂಟುತ್ತದೆ, ಅಂದರೆ ಬಣ್ಣದ ಕೆಳಗೆ ಬರೀ ಫಿಲ್ಲರ್ ಅಲ್ಲ, ತಗಡೇ ಇದೆ. ಆದರೆ ಬಾಗಿಲ ಹಿಂದಿನ ಸಂದು ಮೇಲ್ಗಡೆ ಕಿರಿದು, ಕೆಳಗೆ ಅಗಲ. ಕಾರಿನ ನಡು ಜಗ್ಗಿದರೆ ಹೀಗಾಗುತ್ತದೆ ಅಲ್ವಾ? ಇನ್ನೊಂದು, ಸಿಲ್ ಸರಿಯಾಗಿ ಬದಲಿಸಲು ಮುಂದಿನ ವಿಂಗ್‌ನ (ಚಕ್ರದ ಮೇಲಿನ ಪಕ್ಕದ ತಗಡು) ಕೆಳತುದಿ ಕತ್ತರಿಸಬೇಕು, ಇಲ್ಲವೇ ವಿಂಗ್ ಬಿಚ್ಚಬೇಕು. ಇಲ್ಲಿ ಎರಡರ ಗುರುತೂ ಇಲ್ಲ. ಹಳೇ ತುಕ್ಕಿನ ಮೇಲೆ ಸುಮ್ನೆ ತಗಡು ಹೊದಿಸಿದ್ದಾರೆ ಅಂತ ಅನುಮಾನ. ಮಾರುವವರ ಹತ್ತಿರ ಕೆಲಸದ ಫೋಟೋ ಇಲ್ಲ. 40 ವರ್ಷ ದಾಟಿದ ಕಾರು, ಎಂಒಟಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ಕಡ್ಡಾಯವಲ್ಲ, ಹಾಗಾಗಿ ಇತ್ತೀಚಿನ ದಾಖಲೆಯೂ ಇಲ್ಲ.

ಏನನ್ನೂ ಕತ್ತರಿಸದೆ ಒಳಗಿನ ಪದರ, ಕ್ಯಾಸಲ್ ರೈಲ್ (ಸಿಲ್‌ನ ಅಡಿಯ ಬಲಪಡಿಸುವ ತಗಡು) ನೋಡಲು ದಾರಿ ಇದೆಯಾ? ನೀರು ಹೋಗುವ ತೂತಿನಲ್ಲಿ ಸಣ್ಣ ಕ್ಯಾಮೆರಾ ತೂರಿಸಿದರೆ ಸಾಕಾ? ಇಲ್ಲ, ಬಾಗಿಲ ಸಂದು ನೋಡಿಯೇ ಈ ಕಾರು ಬಿಟ್ಟುಬಿಡಬೇಕಾ?